ಗುಂಟೆ ನಲವತ್ತು ಮುಟ್ಟಿದರೆ ಪ್ರೋಗ್ರಾಂ ಏನು ಮಾಡಬೇಕು?

ನಲವತ್ತು ಗುಂಟೆಗೆ ಒಂದು ಎಕರೆ. ಹುನಗುಂದ ಸೀಮೆಯ ಯಾವ ರೈತನಿಗೂ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. 2 ಎಕರೆ 25 ಗುಂಟೆಗೆ 1 ಎಕರೆ 30 ಗುಂಟೆ ಕೂಡಿಸಿದರೆ 4 ಎಕರೆ 15 ಗುಂಟೆ ಎಂದು ಕಾಗದ ಪೆನ್ನು ಇಲ್ಲದೆ ಹೇಳುತ್ತಾನೆ. ಕಂಪ್ಯೂಟರಿಗೆ ಇದನ್ನು ಯಾರಾದರೂ ಕಲಿಸಬೇಕು. ಎಕರೆಗೆ ಎಕರೆ, ಗುಂಟೆಗೆ ಗುಂಟೆ ಕೂಡಿಸುವ ಸಾಲನ್ನು ಬರೆದವರು, ನಲವತ್ತು ದಾಟಿದ್ದನ್ನು ಎಕರೆಯ ಖಾನೆಗೆ ಒಯ್ಯುವ ಸಾಲನ್ನು ಮರೆತರೆ ಉತ್ತರ 3 ಎಕರೆ 55 ಗುಂಟೆ ಎಂದು ಬರುತ್ತದೆ. ಯಂತ್ರಕ್ಕೆ ಅದರಲ್ಲಿ ಯಾವ ಅನುಮಾನವೂ ಇರುವುದಿಲ್ಲ, ಹಾಗೇ ಅಚ್ಚು ಹಾಕಿ ಕೊಡುತ್ತದೆ.

ಇಂಥ ಮರೆವನ್ನು ಹುಟ್ಟಿದ ಜಾಗದಲ್ಲೇ ಹಿಡಿಯಲು ಪ್ರೋಗ್ರಾಂ ಬರೆಯುವವರ ಕೈಯಲ್ಲಿ ಒಂದು ಸರಳ ಸಾಧನವಿದೆ. ಕೂಡುವ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸುವುದು: ‘ಇಲ್ಲಿಗೆ ಬರುವ ಹೊತ್ತಿಗೆ ಗುಂಟೆ ಸೊನ್ನೆಗಿಂತ ಕಡಿಮೆ ಇರಲಾರದು, ನಲವತ್ತು ಮುಟ್ಟಿರಲಾರದು’. ಸಿ, ಜಾವಾ, ಪೈಥಾನ್ ಮೂರರಲ್ಲೂ ಇದನ್ನು ‘ಅಸರ್ಟ್’ ಎಂದು ಬರೆಯುತ್ತಾರೆ. ಆ ಮಾತು ನಿಜವಾಗಿದ್ದರೆ ಪ್ರೋಗ್ರಾಂ ಸದ್ದಿಲ್ಲದೆ ಮುಂದೆ ಸಾಗುತ್ತದೆ. ಸುಳ್ಳಾದರೆ ಎಲ್ಲಿ, ಯಾವ ಸಾಲಿನಲ್ಲಿ ಎಂದು ಹೇಳಿ ಅಲ್ಲೇ ನಿಲ್ಲುತ್ತದೆ. ಅಸರ್ಷನ್ ಎಂದರೆ ಇಷ್ಟೇ. ಅಲನ್ ಟ್ಯೂರಿಂಗ್ 1949ರಲ್ಲಿ ಕೇಂಬ್ರಿಜ್‌ನ ಒಂದು ಸಮ್ಮೇಳನದಲ್ಲಿ ಈ ವಿಚಾರವನ್ನು ಮಂಡಿಸಿದಾಗ ಎತ್ತಿಕೊಂಡ ಉದಾಹರಣೆಯೂ ಕೂಡುವ ಲೆಕ್ಕದ್ದೇ. ಉದ್ದನೆಯ ಸಂಕಲನದಲ್ಲಿ ಪ್ರತಿ ಕಂಬಸಾಲಿನ ಮೊತ್ತವನ್ನೂ ದಶಕವನ್ನೂ ಬೇರೆ ಬೇರೆ ಬರೆದಿಟ್ಟರೆ ಪರೀಕ್ಷಿಸುವವನು ಇಡೀ ಲೆಕ್ಕವನ್ನು ಒಂದೇ ಉಸಿರಿಗೆ ಮಾಡಬೇಕಿಲ್ಲ, ತುಂಡು ತುಂಡಾಗಿ ತಾಳೆ ನೋಡಬಹುದು ಎಂಬುದು ಅವರ ಮಾತಿನ ತಿರುಳು.

ಬಾಗಲಕೋಟೆಯ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಓದುತ್ತಿರುವವರನ್ನು, ಇಳಕಲ್ಲಿನ ನೇಕಾರರ ಸಂಘಕ್ಕೆ ನೂಲು-ಮಜೂರಿಯ ಲೆಕ್ಕವನ್ನೋ, ಬಾದಾಮಿಯ ಲಾಡ್ಜಿಗೆ ರೂಂ ಬುಕಿಂಗ್ ವ್ಯವಸ್ಥೆಯನ್ನೋ, ಗ್ರಾನೈಟ್ ಲಾರಿಗಳ ವೇಬ್ರಿಜ್ ಲೆಕ್ಕವನ್ನೋ ಬರೆದುಕೊಡುವ ಯುವಕ ಯುವತಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅವರಿಂದ ಸಾಫ್ಟ್‌ವೇರ್ ಬರೆಸಿಕೊಳ್ಳುವ ಸಂಘದ ಕಾರ್ಯದರ್ಶಿಗಳೂ ಓದಬೇಕು. ಅಸರ್ಷನ್ ಕುರಿತು ನಡೆಯುವ ವಾದವೆಲ್ಲ ಸಾಮಾನ್ಯವಾಗಿ ‘ಬಳಕೆಗೆ ಕೊಡುವಾಗ ತೆಗೆಯಬೇಕೋ ಇಡಬೇಕೋ’ ಎಂಬಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ರಶ್ನೆಯನ್ನು ಹಾಗೆ ಕೇಳುವುದೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಪರೀಕ್ಷೆ ಎರಡೂ ಕಡೆ ಇರಲಿ. ಅದು ಸೋತ ಕ್ಷಣದಲ್ಲಿ ಏನಾಗಬೇಕು ಎಂಬುದು ಮಾತ್ರ ಬೇರೆಯಾಗಬೇಕು.

ಬರೆಯುವ ಮೇಜಿನ ಮೇಲೆ

ಬರೆಯುವ ಹಂತದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿ ಅಸರ್ಷನ್ ಸೋತರೆ ಪ್ರೋಗ್ರಾಂ ತಕ್ಷಣ, ದೊಡ್ಡ ದನಿಯಲ್ಲಿ, ಯಾವ ದಾಕ್ಷಿಣ್ಯವೂ ಇಲ್ಲದೆ ನಿಲ್ಲಬೇಕು. ನಿಂತಾಗ ತೊಂದರೆಯಾಗುವುದು ಬರೆದವರಿಗೆ ಮಾತ್ರ, ಮತ್ತು ಅವರು ಅಲ್ಲೇ ಕೂತಿದ್ದಾರೆ. ದೋಷ ಹುಟ್ಟಿದ ಸಾಲಿಗೂ ಅದು ಕಣ್ಣಿಗೆ ಬಿದ್ದ ಸಾಲಿಗೂ ನಡುವೆ ದೂರ ಹೆಚ್ಚಿದಷ್ಟೂ ಹುಡುಕಾಟ ಹೆಚ್ಚುತ್ತದೆ. 55 ಗುಂಟೆ ಎಂಬ ತಪ್ಪು ಕೂಡುವ ಸಾಲಿನ ಕೆಳಗೇ ಸಿಕ್ಕರೆ ಐದು ನಿಮಿಷದ ಕೆಲಸ. ಅದೇ ತಪ್ಪು ಬೆಳೆಸಾಲದ ಅರ್ಜಿಯೊಳಗೆ ಸೇರಿ, ಅಲ್ಲಿಂದ ಬೆಳೆ ವಿಮೆಗೆ ಹೋಗಿ, ಪ್ರೀಮಿಯಂ ಮೊತ್ತದಲ್ಲಿ ಕಾಣಿಸಿಕೊಂಡರೆ ಮೂಲ ಹುಡುಕುವುದರಲ್ಲಿ ವಾರಗಳು ಹೋಗುತ್ತವೆ.

ಎಷ್ಟು ಹಾಕಬೇಕು ಎಂದು ಕೇಳುವವರಿಗೆ ಒಂದು ಅಳತೆಗೋಲು ಉಂಟು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಜೆರಾರ್ಡ್ ಹೋಲ್ಜ್‌ಮನ್ 2006ರಲ್ಲಿ ಪ್ರಕಟಿಸಿದ ಹತ್ತು ನಿಯಮಗಳಲ್ಲಿ ಒಂದು, ಪ್ರತಿ ಫಂಕ್ಷನ್‌ಗೆ ಸರಾಸರಿ ಎರಡಾದರೂ ಅಸರ್ಷನ್ ಇರಬೇಕು ಎನ್ನುತ್ತದೆ. ಅದೇ ನಿಯಮದ ಮುಂದಿನ ಭಾಗವನ್ನು ಹಲವರು ಓದದೆ ಬಿಡುತ್ತಾರೆ: ಅಸರ್ಷನ್ ಸೋತಾಗ ಚೇತರಿಸಿಕೊಳ್ಳಲು ಏನು ಮಾಡಬೇಕೆಂಬುದನ್ನೂ ಸ್ಪಷ್ಟವಾಗಿ ಬರೆದಿರಬೇಕು. ದೂರದ ಬಾಹ್ಯಾಕಾಶಕ್ಕೆ ಹೋದ ನೌಕೆಯ ಬಳಿಗೆ ರಿಪೇರಿಗೆ ಯಾರೂ ಹೋಗಲಾರರಲ್ಲ.

ಯಾವುದು ನಮ್ಮ ತಪ್ಪು, ಯಾವುದು ಲೋಕದ ಸ್ಥಿತಿ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ನಾನು ನೋಡಿದ ಮಟ್ಟಿಗೆ ಹೊಸಬರು ಹೆಚ್ಚಾಗಿ ಎಡವುವ ಜಾಗ ಇದು.

ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ನಮ್ಮ ಕಡೆ ಉತಾರ ಎನ್ನುವ ಆ ಹಾಳೆಯ ಕಾಲಂ 3ರಲ್ಲಿ ಸರ್ವೆ ನಂಬರಿನ ವಿಸ್ತೀರ್ಣ ಇರುತ್ತದೆ. ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು ಮತ್ತು ಅವರವರ ಪಾಲಿನ ವಿಸ್ತೀರ್ಣ. ಪಾಲುಗಳನ್ನೆಲ್ಲ ಕೂಡಿಸಿದರೆ ಕಾಲಂ 3ರ ಅಂಕಿ ಬರಬೇಕು. ಎಷ್ಟೋ ಉತಾರಗಳಲ್ಲಿ ಬರುವುದಿಲ್ಲ. ಕೈಬರಹದ ಕಾಲದಲ್ಲಿ ಆದ ತಪ್ಪುಗಳು, ಅಂಕಿಗಳನ್ನು ಟೈಪ್ ಮಾಡುವಾಗ ಆದ ತಪ್ಪುಗಳು ಅಲ್ಲೇ ಉಳಿದಿವೆ. 3 ಮತ್ತು 9 ತಾಳೆಯಾಗದ ಪಹಣಿಗಳ ತಿದ್ದುಪಡಿಗೆ ತಹಶೀಲ್ದಾರ್ ಕಚೇರಿಗೆ ಅಲೆದವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಈ ದಾಖಲೆಗಳನ್ನು ಓದುವ ಒಂದು ಪ್ರೋಗ್ರಾಂ ನೀವು ಬರೆಯುತ್ತಿದ್ದೀರಿ ಎಂದುಕೊಳ್ಳಿ. ‘ಕಾಲಂ 9ರ ಮೊತ್ತ ಕಾಲಂ 3ಕ್ಕೆ ಸಮ’ ಎಂದು ಅಸರ್ಟ್ ಬರೆಯಬೇಕೆ? ಬರೆಯಬಾರದು. ತಾಳೆಯಾಗದ ಉತಾರ ನಿಮ್ಮ ಪ್ರೋಗ್ರಾಮಿನ ದೋಷವಲ್ಲ, ಅದು ಲೋಕದಲ್ಲಿ ನಿಜವಾಗಿ ಇರುವ ಸ್ಥಿತಿ. ಇರುವುದನ್ನು ಎದುರುಗೊಳ್ಳಲು ಪ್ರೋಗ್ರಾಂ ಸಿದ್ಧವಾಗಿರಬೇಕು. ಆ ಉತಾರವನ್ನು ಗುರುತು ಹಾಕಿ ತಿದ್ದುಪಡಿಯ ಸಾಲಿಗೆ ಸೇರಿಸಬೇಕು, ವ್ಯತ್ಯಾಸ ಎಷ್ಟೆಂದು ಎದುರಿಗಿರುವವರಿಗೆ ತೋರಿಸಬೇಕು. ಇದು ಮಾಹಿತಿ ಪರಿಶೀಲನೆ. ಯಾವ ಕಾಲಕ್ಕೂ ತೆಗೆಯಲಾಗದ, ಸಾಮಾನ್ಯ ‘ಹೀಗಿದ್ದರೆ ಹೀಗೆ ಮಾಡು’ ಎಂಬ ಸಾಲುಗಳಲ್ಲಿ ಬರೆಯಬೇಕಾದ ಕೆಲಸ.

ಹಾಗಾದರೆ ಅಸರ್ಟ್ ಎಲ್ಲಿ? ಅದೇ ಪ್ರೋಗ್ರಾಂ ವಾಟ್ನಿಯ, ಅಂದರೆ ಪಾಲು ಹಂಚಿಕೆಯ, ಲೆಕ್ಕ ಮಾಡುತ್ತದೆ ಎನ್ನೋಣ. ತಂದೆಯ 7 ಎಕರೆ 10 ಗುಂಟೆಯನ್ನು ಮೂವರು ಮಕ್ಕಳಿಗೆ ಸಮನಾಗಿ ಹಂಚಬೇಕು. ಗುಂಟೆಗೆ 16 ಆಣೆಯಂತೆ ಒಟ್ಟು 4640 ಆಣೆ. ಮೂರರಿಂದ ಭಾಗಿಸಿದರೆ ತಲಾ 1546 ಆಣೆ, ಅಂದರೆ 2 ಎಕರೆ 16 ಗುಂಟೆ 10 ಆಣೆ. ಮೂರೂ ಪಾಲು ಕೂಡಿಸಿ ನೋಡಿ: 7 ಎಕರೆ 9 ಗುಂಟೆ 14 ಆಣೆ ಆಗುತ್ತದೆ. ಭಾಗಾಕಾರದ ಶೇಷವಾದ ಎರಡು ಆಣೆ ಯಾರ ಹೆಸರಿಗೂ ಬರದೆ ಮಾಯವಾಯಿತು. ‘ಹಂಚುವ ಮುಂಚಿನ ಒಟ್ಟು ಆಣೆ, ಹಂಚಿದ ಮೇಲಿನ ಒಟ್ಟು ಆಣೆಗೆ ಸಮ’ ಎಂಬ ಅಸರ್ಟ್ ಇಲ್ಲಿ ಇರಲೇಬೇಕು. ಉತಾರದಲ್ಲಿ ಮೊದಲೇ ಇದ್ದ ವ್ಯತ್ಯಾಸ ಹಳೆಯದು. ಹಂಚುವ ಕ್ರಿಯೆ ಹೊಸ ವ್ಯತ್ಯಾಸವನ್ನು ಹುಟ್ಟಿಸಿದರೆ ಅದಕ್ಕೆ ಹೊಣೆ ನಮ್ಮ ಕೋಡು, ಬೇರೆ ಯಾರೂ ಅಲ್ಲ.

ಈ ಉದಾಹರಣೆಯಲ್ಲಿ ಎಲ್ಲವನ್ನೂ ಆಣೆಗೆ ಇಳಿಸಿ ಪೂರ್ಣಾಂಕದಲ್ಲಿ ಲೆಕ್ಕ ಹಾಕಿದ್ದಕ್ಕೆ ಕಾರಣವಿದೆ. ದಶಮಾಂಶದಲ್ಲಿ ಇಟ್ಟುಕೊಂಡು ‘ಸಮವೇ?’ ಎಂದು ಕೇಳಿದರೆ ಕಂಪ್ಯೂಟರ್ ಮೋಸ ಮಾಡುತ್ತದೆ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ 0.3ಕ್ಕೆ ಸಮವೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ, ಏಕೆಂದರೆ ಆ ಸಂಖ್ಯೆಗಳನ್ನು ಅದು ದ್ವಿಮಾನ ಪದ್ಧತಿಯಲ್ಲಿ ಸರಿಸುಮಾರಾಗಿ ಮಾತ್ರ ಇಟ್ಟುಕೊಂಡಿರುತ್ತದೆ. ಜಮೀನು ಆಣೆಯಲ್ಲಿರಲಿ, ದುಡ್ಡು ಪೈಸೆಯಲ್ಲಿರಲಿ, ನೂಲು ಗ್ರಾಮಿನಲ್ಲಿರಲಿ. ಇಷ್ಟು ಮಾಡಿದರೆ ಸುಳ್ಳು ಗದ್ದಲ ಎಬ್ಬಿಸುವ ಅಸರ್ಷನ್‌ಗಳು ಬಹಳಷ್ಟು ಕಡಿಮೆಯಾಗುತ್ತವೆ.

ಹೊರಗಿನಿಂದ ಬರುವ ಯಾವುದಕ್ಕೂ ಇದೇ ವಿವೇಕ ಅನ್ವಯಿಸುತ್ತದೆ. ಆಲಮಟ್ಟಿ ಜಲಾಶಯದ ಪೂರ್ಣ ಜಲಮಟ್ಟ 519.60 ಮೀಟರ್. ಅಳತೆಯ ಸಾಧನವೊಂದು 5196 ಎಂದು ಕಳುಹಿಸಿದರೆ ಅದು ಅಸಾಧ್ಯದ ಅಂಕಿ, ನಿಜ. ಆದರೆ ಸಾಧನ ಕೆಡುವುದು, ಸಿಡಿಲಿಗೆ ಸುಡುವುದು, ನೆಟ್‌ವರ್ಕ್ ಇಲ್ಲದೆ ಅರ್ಧ ಸಂದೇಶ ಕಳುಹಿಸುವುದು ಇವೆಲ್ಲ ಸಾಧ್ಯದ ಸಂಗತಿಗಳು. ಅವನ್ನು ಪರಿಶೀಲಿಸಿ ತಿರಸ್ಕರಿಸಬೇಕು, ಅಸರ್ಟ್ ಮಾಡಬಾರದು. ಕೌಂಟರಿನಲ್ಲಿ ಕೂತವರು ಟೈಪ್ ಮಾಡುವ ವಯಸ್ಸು, ಮೊಬೈಲಿನಿಂದ ಬರುವ ಪಿನ್, ಇನ್ನೊಂದು ಸಂಸ್ಥೆ ಕಳುಹಿಸುವ ಎಕ್ಸೆಲ್ ಕಡತ, ಎಲ್ಲವೂ ಈ ಗುಂಪಿಗೇ ಸೇರುತ್ತವೆ.

ನಿಲ್ಲುವುದಾದರೆ ಎಷ್ಟು ನಿಲ್ಲಬೇಕು

ಈಗ ಪ್ರೋಗ್ರಾಂ ಬಳಕೆಗೆ ಹೋಗಿದೆ. ಅದೇ 55 ಗುಂಟೆಯ ಅಸರ್ಷನ್, ಆದರೆ ಈ ಸಲ ಎದುರಿಗೆ ಬರೆದವರಿಲ್ಲ. ಬೆಳೆಸಾಲಕ್ಕೆ ಉತಾರ ಬೇಕೆಂದು ಬೆಳಗಿನ ಬಸ್ಸಿಗೆ ಬಂದ ರೈತ, ಅವರ ಹಿಂದೆ ಇನ್ನಷ್ಟು ಜನ ನಿಂತಿದ್ದಾರೆ. ಪ್ರೋಗ್ರಾಂ ಪೂರ್ತಿ ನಿಂತರೆ ಎಲ್ಲರೂ ವಾಪಸ್ಸು. ನಿಲ್ಲದೆ ಮುಂದುವರಿದರೆ ಒಬ್ಬರ ಕೈಗೆ ಸರ್ಕಾರದ ಮುದ್ರೆಯಿರುವ ಸುಳ್ಳು ಕಾಗದ. ಎರಡೂ ಬೇಡ. ಆ ಒಂದು ಉತಾರ ಮಾತ್ರ ಅಚ್ಚಾಗಬಾರದು, ಉಳಿದವರ ಕೆಲಸ ಸಾಗಬೇಕು.

ಇಳಕಲ್ಲಿನ ಕುಣಿಮಗ್ಗದಲ್ಲಿ ಸೀರೆಯ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ನೇಯುವಾಗ ಒಂದು ಎಳೆ ಹರಿದರೆ ನೇಕಾರರು ಲಾಳಿ ಬಿಟ್ಟು ಆ ಎಳೆಯನ್ನು ಕಟ್ಟಿಯೇ ಮುಂದುವರಿಯುತ್ತಾರೆ. ಆದರೆ ಅವರ ಮಗ್ಗ ನಿಂತಿತೆಂದು ಓಣಿಯ ಮಗ್ಗಗಳೆಲ್ಲ ನಿಲ್ಲುವುದಿಲ್ಲ. ಜಪಾನಿನ ಸಕಿಚಿ ಟೊಯೊಡಾ ಈ ಎಚ್ಚರವನ್ನೇ ಯಂತ್ರದೊಳಗೆ ಕೂಡಿಸಿದರು. 1924ರ ಅವರ ಸ್ವಯಂಚಾಲಿತ ಮಗ್ಗ ಎಳೆ ಹರಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ಬಳಕೆಯಲ್ಲಿರುವ ಸಾಫ್ಟ್‌ವೇರಿಗೂ ಇಂಥ ಹರವು ಬೇಕು: ಸೋತ ಅಸರ್ಷನ್ ಆ ಒಂದು ಕೋರಿಕೆಯನ್ನು, ಆ ಒಂದು ಚೀಟಿಯನ್ನು, ಆ ಒಂದು ಲಾರಿಯ ತೂಕವನ್ನು ನಿಲ್ಲಿಸಬೇಕು. ಇಂದಿನ ವೆಬ್ ವ್ಯವಸ್ಥೆಗಳಲ್ಲಿ ಇದು ಕಷ್ಟವೇನಲ್ಲ. ಪ್ರತಿ ಕೋರಿಕೆಯ ಸುತ್ತ ಒಂದು ಹೊರಗೋಡೆ ಇರುತ್ತದೆ, ದೋಷವನ್ನು ಅಲ್ಲಿ ಹಿಡಿದು ಡೇಟಾಬೇಸಿನಲ್ಲಿ ಆಗಿದ್ದ ಅರೆಬರೆ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಿದರಾಯಿತು. ಆ ಹಿಂತಿರುಗಿಸುವ ಹೆಜ್ಜೆಯನ್ನು ಮರೆತರೆ ಮಾತ್ರ ನಿಲ್ಲಿಸಿದ್ದು ವ್ಯರ್ಥ. ನೂಲಿನ ದಾಸ್ತಾನು ಕಡಿಮೆಯಾಗಿ, ನೇಕಾರರ ಖಾತೆಗೆ ಏರದೆ ಉಳಿದರೆ ಅಸರ್ಷನ್ನೇ ಹೊಸ ತಪ್ಪನ್ನು ಮಾಡಿದಂತೆ.

ಎಷ್ಟು ನಿಲ್ಲಬೇಕೆಂಬುದಕ್ಕೆ ಎಲ್ಲ ಕಡೆ ಒಂದೇ ಉತ್ತರವಿಲ್ಲ. ನೇಕಾರರ ಸಂಘದ ಮಜೂರಿ ಬಟವಾಡೆಯನ್ನೇ ತೆಗೆದುಕೊಳ್ಳಿ. ಒಬ್ಬರ ಚೀಟಿಯಲ್ಲಿ ಮಜೂರಿ ಋಣಾತ್ಮಕವಾಗಿ ಬಂದರೆ ಆ ಚೀಟಿಯನ್ನು ಬದಿಗಿಟ್ಟು ಉಳಿದವರಿಗೆ ಕೊಡಬಹುದು. ಆದರೆ ಎಲ್ಲ ಚೀಟಿಗಳ ಮೊತ್ತ ಬ್ಯಾಂಕಿಗೆ ಕಳುಹಿಸುವ ಮೊತ್ತಕ್ಕೆ ತಾಳೆಯಾಗದಿದ್ದರೆ ಇಡೀ ಬಟವಾಡೆಯೇ ನಿಲ್ಲಬೇಕು. ತಪ್ಪು ಯಾರ ಚೀಟಿಯಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ, ಮತ್ತು ಒಮ್ಮೆ ಖಾತೆಗೆ ಹೋದ ಹಣವನ್ನು ವಾಪಸ್ಸು ತರುವುದು ಬಹಳ ಕಷ್ಟ. ಹಿಂದಕ್ಕೆ ತೆಗೆದುಕೊಳ್ಳಲಾಗದ ಹೆಜ್ಜೆಯ ಮುಂದೆ ಅಸರ್ಷನ್ ಗಟ್ಟಿಯಾಗಿ ನಿಲ್ಲಲಿ. ಬಾದಾಮಿಯ ಲಾಡ್ಜಿನ ವೆಬ್‌ಸೈಟಿನಲ್ಲಿ ಕೋಣೆಯ ಫೋಟೋಗಳ ಎಣಿಕೆ ತಪ್ಪಾಗಿದ್ದರೆ ಅದಕ್ಕಾಗಿ ಯಾವುದನ್ನೂ ನಿಲ್ಲಿಸಬೇಕಿಲ್ಲ, ಬರೆದಿಟ್ಟುಕೊಂಡು ಮುಂದೆ ಹೋಗಲಿ. ಬನಶಂಕರಿ ಜಾತ್ರೆಯ ದಿನಗಳಲ್ಲಿ ಒಂದೇ ಕೋಣೆ ಇಬ್ಬರಿಗೆ ಬುಕ್ ಆಗದಂತೆ ನೋಡಿಕೊಳ್ಳುವುದನ್ನಂತೂ ಅಸರ್ಷನ್‌ಗೆ ಬಿಡಲೇಬೇಡಿ. ಇಬ್ಬರು ಒಂದೇ ಕ್ಷಣದಲ್ಲಿ ಗುಂಡಿ ಒತ್ತಿದರೆ ಎರಡೂ ಕಡೆ ‘ಕೋಣೆ ಖಾಲಿ’ ಎಂಬ ಪರೀಕ್ಷೆ ಗೆದ್ದುಬಿಡುತ್ತದೆ. ಕೋಣೆ ಮತ್ತು ದಿನಾಂಕದ ಜೋಡಿ ಎರಡು ಸಲ ಬರಬಾರದೆಂಬ ನಿರ್ಬಂಧವನ್ನು ಡೇಟಾಬೇಸಿನಲ್ಲೇ ಹಾಕಬೇಕು.

ನಿಲ್ಲುವುದೇ ಅಪಾಯವಾಗುವ ಕೆಲಸಗಳೂ ಇವೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲು, ಐಹೊಳೆಗಳಿಗೆ ನೀರು ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ. ಅಂಥ ಹೊತ್ತಿಗೆ ನೀರಿನ ಮಟ್ಟ ತಿಳಿಸುವ ವ್ಯವಸ್ಥೆಯೊಂದು ಅಸರ್ಷನ್ ಸೋತಿತೆಂದು ಕಣ್ಣುಮುಚ್ಚಿ ಕೂತರೆ ಅದನ್ನು ಇಟ್ಟುಕೊಂಡು ಪ್ರಯೋಜನವೇನು? ಅದು ಕೊನೆಯ ನಂಬಲರ್ಹ ಅಂಕಿಯನ್ನು, ಅದು ಎಷ್ಟು ಹೊತ್ತಿಗೆ ಬಂದದ್ದೆಂಬ ಸಮಯದ ಜೊತೆಗೆ, ‘ಈಗಿನ ಅಳತೆ ಸಿಗುತ್ತಿಲ್ಲ’ ಎಂಬ ಎಚ್ಚರಿಕೆಯೊಂದಿಗೆ ತೋರಿಸಬೇಕು. ಹಳೆಯ ಅಂಕಿಯನ್ನು ಹೊಸದೆಂಬಂತೆ ತೋರಿಸುವುದು ನಿಲ್ಲುವುದಕ್ಕಿಂತ ಕೆಟ್ಟದ್ದು.

ಹಿಡಿದದ್ದು ಸರಿ, ಆಮೇಲೆ ಮಾಡಿದ್ದು ತಪ್ಪು

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಹಾರಿದ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡಿನಲ್ಲಿ ಚೂರುಚೂರಾಯಿತು. ಅದರ ಪಥವನ್ನು ಅಳೆಯುವ ಸಾಧನದಲ್ಲಿ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಇಳಿಸುವಾಗ ಅದು 32,767ರ ಮಿತಿಯನ್ನು ದಾಟಿತು. ಯಂತ್ರ ಅದನ್ನು ಗಮನಿಸಿತು ಕೂಡ. ಆದರೆ ದೋಷ ಕಂಡರೆ ಪ್ರೊಸೆಸರನ್ನು ಮುಚ್ಚಿಬಿಡಬೇಕೆಂದು ನಿಯಮ ಬರೆಯಲಾಗಿತ್ತು. ಆಪತ್ತಿಗೆಂದು ಇಟ್ಟಿದ್ದ ಎರಡನೆಯ ಸಾಧನದಲ್ಲೂ ಅದೇ ಸಾಫ್ಟ್‌ವೇರ್ ಇದ್ದದ್ದರಿಂದ ಅದು ಅದಕ್ಕೂ ಸ್ವಲ್ಪ ಮುಂಚೆಯೇ ಅದೇ ಕಾರಣಕ್ಕೆ ಮುಚ್ಚಿಕೊಂಡಿತ್ತು. ಮೊದಲ ಸಾಧನ ಕಳುಹಿಸಿದ ದೋಷವರದಿಯನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಅಂಕಿ ಎಂದೇ ತಿಳಿದು ರಾಕೆಟ್ಟನ್ನು ತಿರುಗಿಸಿತು. ಆ ಲೆಕ್ಕ ಏರಿಯಾನ್ 4ರಿಂದ ಹಾಗೆಯೇ ಎತ್ತಿಕೊಂಡದ್ದು, ಏರಿಯಾನ್ 5 ನೆಲ ಬಿಟ್ಟ ಮೇಲೆ ಅದರಿಂದ ಏನೂ ಉಪಯೋಗವಿರಲಿಲ್ಲ. ಬೇಡದ ಲೆಕ್ಕವೊಂದರ ದೋಷಕ್ಕೆ ಬೇಕಾದ ಯಂತ್ರವೇ ಬಲಿಯಾಯಿತು. ಪ್ರತಿ ಅಸರ್ಷನ್ ಬರೆಯುವಾಗಲೂ ‘ಇದು ಸೋತರೆ ಇದರ ಜೊತೆ ಇನ್ನೇನೇನು ನಿಲ್ಲುತ್ತದೆ’ ಎಂದು ಕೇಳಿಕೊಳ್ಳಬೇಕೆನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ನಮ್ಮ ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ನಡೆದ ಎರಡು ಯತ್ನಗಳು ಇದರ ಇನ್ನೊಂದು ಮಗ್ಗುಲನ್ನು ತೋರಿಸುತ್ತವೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಮೆಲ್ಲಗೆ ಇಳಿಯಲಾಗಲಿಲ್ಲ. ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ಅದಕ್ಕೆ ಕಾರಣಗಳನ್ನು ವಿವರಿಸಿದರು. ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ಕೊಟ್ಟವು. ಚಿಕ್ಕ ಚಿಕ್ಕ ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡವು. ನೌಕೆ ಬಹಳ ಬೇಗ ತಿರುಗಬೇಕಾಗಿ ಬಂದಾಗ ಸಾಫ್ಟ್‌ವೇರಿನಲ್ಲಿದ್ದ ಮಿತಿ ಅದಕ್ಕೆ ಬಿಡಲಿಲ್ಲ, ಅಷ್ಟು ವೇಗ ಬೇಕಾಗಬಹುದೆಂದು ಯಾರೂ ಎಣಿಸಿರಲಿಲ್ಲ. ಇಳಿಯುವ ಜಾಗವೂ 500 ಮೀಟರ್ ಚೌಕದಷ್ಟು ಕಿರಿದಾಗಿತ್ತು. ಚಂದ್ರಯಾನ-3ರಲ್ಲಿ ಯೋಚನೆಯ ದಿಕ್ಕನ್ನೇ ತಿರುಗಿಸಿ, ಏನೇನು ಸೋಲಬಹುದು, ಸೋತಾಗ ಏನು ಮಾಡಬೇಕು ಎಂಬುದರಿಂದಲೇ ವಿನ್ಯಾಸ ಆರಂಭಿಸಿದರು. ಇಳಿಯುವ ಜಾಗವನ್ನು 4 ಕಿಲೋಮೀಟರಿಗೆ 2.4 ಕಿಲೋಮೀಟರಿನಷ್ಟು ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ ಅದು ಇಳಿದದ್ದನ್ನು ನಾವೆಲ್ಲ ಕಂಡೆವು. ‘ಹೀಗೆ ಆಗಲಾರದು’ ಎಂದು ನಾವು ಬರೆಯುವ ಮಿತಿ ನಿಜವಾಗಿ ಅಸಾಧ್ಯವೋ ಅಥವಾ ನಮ್ಮ ಊಹೆಗೆ ನಿಲುಕದ್ದಷ್ಟೆಯೋ ಎಂದು ತಿರುತಿರುಗಿ ನೋಡುವ ಅಭ್ಯಾಸ ಒಳ್ಳೆಯದು. ಗುಂಟೆ ನಲವತ್ತು ಮುಟ್ಟಲಾರದು ಎನ್ನುವುದು ಅಸಾಧ್ಯದ ಮಾತು. ಒಂದು ಸರ್ವೆ ನಂಬರಿಗೆ ಐವತ್ತಕ್ಕಿಂತ ಹೆಚ್ಚು ಪಾಲುದಾರರು ಇರಲಾರರು ಎನ್ನುವುದು ಬರೀ ಊಹೆ.

2025ರ ನವೆಂಬರ್ 18ರ ಸಂಜೆ ನಮ್ಮಲ್ಲೂ ಎಷ್ಟೋ ವೆಬ್‌ಸೈಟುಗಳು ತೆರೆಯಲಿಲ್ಲ. ಅವುಗಳಿಗೆ ಸೇವೆ ಒದಗಿಸುವ ಕ್ಲೌಡ್‌ಫ್ಲೇರ್ ಸಂಸ್ಥೆಯ ಒಂದು ವ್ಯವಸ್ಥೆ ತಯಾರಿಸಿದ ಕಡತದಲ್ಲಿ, ಡೇಟಾಬೇಸಿನ ಅನುಮತಿಯಲ್ಲಿ ಮಾಡಿದ ಬದಲಾವಣೆಯಿಂದಾಗಿ, ಒಂದೇ ಅಂಶ ಮತ್ತೆ ಮತ್ತೆ ಸೇರಿಕೊಂಡಿತು. ಅದನ್ನು ಓದುವ ಪ್ರೋಗ್ರಾಮಿನ ಮಿತಿ 200 ಅಂಶ. ಮಿತಿ ದಾಟಿದ ಕೂಡಲೇ ಪ್ರೋಗ್ರಾಂ ಕುಸಿಯಿತು. ಮಿತಿ ಇಟ್ಟದ್ದು ತಪ್ಪಲ್ಲ. ಹೊಸ ಕಡತ ಕೆಟ್ಟಿದ್ದರೆ ಹಿಂದಿನ ಒಳ್ಳೆಯ ಕಡತದೊಂದಿಗೇ ಮುಂದುವರಿ ಎಂಬ ದಾರಿ ಅಲ್ಲಿ ಇರಬೇಕಿತ್ತು. ಸ್ವಂತ ಮನೆಯ ಇನ್ನೊಂದು ಕೋಣೆಯಿಂದ ಬಂದ ಕಡತವೂ ಹೊರಗಿನದೇ ಎಂದು ಎಣಿಸಬೇಕು.

ಭಾಷೆಗಳಲ್ಲಿರುವ ಬಲೆಗಳು

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವಿದ್ಯಾರ್ಥಿಗಳು ಬಳಸುವ ಮೂರು ಭಾಷೆಗಳೂ ಮೂರು ರೀತಿ ನಡೆದುಕೊಳ್ಳುತ್ತವೆ. ಜಾವಾದಲ್ಲಿ ಅಸರ್ಟ್ ಸಾಲುಗಳು ಮೊದಲಿನಿಂದಲೇ ನಿದ್ದೆಯಲ್ಲಿರುತ್ತವೆ. ಪ್ರೋಗ್ರಾಂ ಓಡಿಸುವಾಗ ‘ಮೈನಸ್ ಇ-ಎ’ ಎಂಬ ಆಯ್ಕೆ ಕೊಟ್ಟು ಎಬ್ಬಿಸಬೇಕು. ಎಬ್ಬಿಸದೆ ತಿಂಗಳುಗಟ್ಟಲೆ ಪರೀಕ್ಷೆ ಮಾಡಿ ‘ನಮ್ಮ ಅಸರ್ಷನ್ ಒಂದೂ ಸೋತಿಲ್ಲ’ ಎನ್ನುವ ತಂಡಗಳು ಇರುತ್ತವೆ. ಪೈಥಾನ್‌ನಲ್ಲಿ ಅವು ಎಚ್ಚರವಾಗಿರುತ್ತವೆ, ಆದರೆ ದೊಡ್ಡಕ್ಷರದ ‘ಮೈನಸ್ ಓ’ ಆಯ್ಕೆ ಕೊಟ್ಟು ಓಡಿಸಿದರೆ ಎಲ್ಲವೂ ಮಾಯ. ಸಿ ಭಾಷೆಯಲ್ಲಿ ‘ಎನ್‌ಡೀಬಗ್’ ಎಂಬ ಹೆಸರನ್ನು ವ್ಯಾಖ್ಯಾನಿಸಿ ಕಂಪೈಲ್ ಮಾಡಿದರೆ ಅವು ಕೋಡಿನೊಳಗೆ ಬರುವುದೇ ಇಲ್ಲ. ಇನ್ನು ರಸ್ಟ್ ಭಾಷೆ ಎರಡನ್ನೂ ಬೇರ್ಪಡಿಸಿ ಕೊಟ್ಟಿದೆ: ಯಾವಾಗಲೂ ಇರುವ ‘ಅಸರ್ಟ್’ ಒಂದು, ಬರೆಯುವ ಹಂತದಲ್ಲಷ್ಟೇ ಇರುವ ‘ಡೀಬಗ್ ಅಸರ್ಟ್’ ಇನ್ನೊಂದು. ಬರೆಯುವವರೇ ಪ್ರತಿ ಸಾಲಿಗೂ ಆರಿಸಿಕೊಳ್ಳಬೇಕು. ನನಗೆ ಇದೇ ಸರಿ ಎನಿಸುತ್ತದೆ.

ಅಸರ್ಟ್ ಮಾಯವಾಗಬಹುದು ಎಂಬುದರಿಂದ ಎರಡು ಕಟ್ಟುನಿಟ್ಟುಗಳು ಹುಟ್ಟುತ್ತವೆ. ಒಂದು, ಅದರೊಳಗೆ ಕೆಲಸ ಮಾಡುವ ಕೋಡ್ ಇರಬಾರದು. ‘ದಾಸ್ತಾನಿನಿಂದ ನೂಲು ಕಳೆದದ್ದು ಯಶಸ್ವಿ’ ಎಂದು ಅಸರ್ಟಿನೊಳಗೇ ಕಳೆಯುವ ಕೆಲಸವನ್ನೂ ಬರೆದರೆ, ಆ ಸಾಲು ಹೋದ ದಿನ ನೂಲು ಕಳೆಯುವುದೂ ನಿಲ್ಲುತ್ತದೆ. ಎರಡು, ಯಾರಿಗೆ ಒಳಗೆ ಬರಲು ಅನುಮತಿ ಇದೆ ಎಂಬ ಪರೀಕ್ಷೆಯನ್ನು ಎಂದಿಗೂ ಅಸರ್ಟಿನಲ್ಲಿ ಬರೆಯಬಾರದು. ಸಾಲು ಮಾಯವಾದರೆ ಬಾಗಿಲು ಎಲ್ಲರಿಗೂ ತೆರೆದಂತೆ. ಪೈಥಾನ್‌ನಲ್ಲಿ ಇನ್ನೊಂದು ಚಿಕ್ಕ ಬಲೆಯಿದೆ: ಷರತ್ತನ್ನೂ ಸಂದೇಶವನ್ನೂ ಒಂದೇ ಆವರಣದೊಳಗೆ ಹಾಕಿದರೆ ಅದು ಸದಾ ನಿಜವಾಗಿಬಿಡುತ್ತದೆ. ಇದರ ಬಗ್ಗೆ ಪೈಥಾನ್ ಎಚ್ಚರಿಸುತ್ತದೆ, ಆ ಎಚ್ಚರಿಕೆಯನ್ನು ಓದಬೇಕಷ್ಟೇ.

ವೇಗಕ್ಕಾಗಿ ತೆಗೆಯುತ್ತೇವೆ ಎನ್ನುವವರಿಗೆ ಎಸ್‌ಕ್ಯೂಲೈಟ್‌ನ ಉದಾಹರಣೆ ಹೇಳಬೇಕು. ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಇರುವ ಈ ಡೇಟಾಬೇಸಿನ ಕೋಡಿನಲ್ಲಿ ಸಾವಿರಾರು ಅಸರ್ಟ್‌ಗಳಿವೆ. ಎಲ್ಲವನ್ನೂ ಎಚ್ಚರವಾಗಿಟ್ಟರೆ ಅದು ಸುಮಾರು ಮೂರು ಪಟ್ಟು ನಿಧಾನವಾಗುತ್ತದೆ, ಆದ್ದರಿಂದ ಬಿಡುಗಡೆಯಲ್ಲಿ ಅವನ್ನು ತೆಗೆಯುತ್ತಾರೆ. ಅವರ ಸ್ಥಿತಿಗೆ ಅದು ಸರಿ. ಆದರೆ ಸಂಘದ ಮಜೂರಿ ಲೆಕ್ಕದಲ್ಲಿ ಎರಡು ಅಂಕಿಗಳನ್ನು ಹೋಲಿಸಲು ತಗಲುವ ಕಾಲ, ಡೇಟಾಬೇಸಿಗೆ ಒಮ್ಮೆ ಹೋಗಿ ಬರುವ ಕಾಲದ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಹತ್ತು ಸಾವಿರ ದಾಖಲೆಗಳನ್ನು ಮೇಲಿಂದ ಕೆಳಗೆ ಮತ್ತೆ ಕೂಡಿಸಿ ನೋಡುವಂಥ ಭಾರದ ಪರೀಕ್ಷೆಗಳಿದ್ದರೆ ಅವನ್ನು ರಾತ್ರಿ ಒಮ್ಮೆ ಓಡಿಸಿ. ಹಗುರವಾದವು ಹಗಲೂ ಇರಲಿ. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1973ರಲ್ಲೇ, ಲೆಕ್ಕದ ಫಲವನ್ನು ಯಾರೂ ನಂಬದ ಪ್ರಯೋಗದ ಹಂತದಲ್ಲಿ ಪರೀಕ್ಷೆ ಇಟ್ಟು, ಫಲವನ್ನು ನಂಬಿ ಜನ ನಡೆಯುವ ಹಂತದಲ್ಲಿ ತೆಗೆಯುವುದು ಅಸಂಬದ್ಧ ಎಂದು ವಾದಿಸಿದ್ದರು. ನಾನು ಅವರ ಪಕ್ಷ.

ಯಾರಿಗೆ ಏನು ಹೇಳಬೇಕು

ಸೋತ ಅಸರ್ಷನ್ ಬಳಕೆಯ ಜಾಗದಲ್ಲಿ ಇಬ್ಬರಿಗೆ ಎರಡು ಬೇರೆ ಮಾತು ಹೇಳಬೇಕು. ಕೌಂಟರಿನಲ್ಲಿರುವವರಿಗೆ ಸಾಲು ಸಂಖ್ಯೆ, ಇಂಗ್ಲಿಷಿನ ದೋಷಪಟ್ಟಿ ಬೇಡ. ‘ಈ ಚೀಟಿಯ ಲೆಕ್ಕ ತಾಳೆಯಾಗುತ್ತಿಲ್ಲ, ಉಳಿಸಿಲ್ಲ. ಉಳಿದ ಚೀಟಿಗಳನ್ನು ಮುಂದುವರಿಸಿ. ಈ ಸಂಖ್ಯೆಯನ್ನು ತಿಳಿಸಿ’ ಎಂದು ಕನ್ನಡದಲ್ಲಿ ಒಂದು ಗುರುತಿನ ಸಂಖ್ಯೆಯೊಂದಿಗೆ ತೋರಿಸಿದರೆ ಸಾಕು. ಬರೆದವರಿಗೆ ಹೋಗುವ ದಾಖಲೆಯಲ್ಲಿ ಅದೇ ಗುರುತಿನ ಸಂಖ್ಯೆ, ಸಮಯ, ಪ್ರೋಗ್ರಾಮಿನ ಆವೃತ್ತಿ, ಯಾವ ಸಾಲು, ನಿರೀಕ್ಷಿಸಿದ ಅಂಕಿ ಎಷ್ಟು, ಬಂದ ಅಂಕಿ ಎಷ್ಟು ಎಂಬುದೆಲ್ಲ ಇರಬೇಕು. ‘ಗುಂಟೆ ತಪ್ಪು’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. 2-25 ಮತ್ತು 1-30 ಕೂಡಿಸುವಾಗ 55 ಬಂತು ಎಂದು ಬರೆದರೆ ಓದಿದವರಿಗೆ ತಪ್ಪು ಅಲ್ಲೇ ಹೊಳೆಯುತ್ತದೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರು ಮಾತ್ರ ಆ ದಾಖಲೆಗೆ ಹೋಗಕೂಡದು. ದೋಷದಾಖಲೆಗಳನ್ನು ವಾಟ್ಸಾಪಿನಲ್ಲಿ ಹಂಚಿಕೊಳ್ಳುವ ರೂಢಿ ಇರುವಲ್ಲಿ ಇದು ಇನ್ನೂ ಮುಖ್ಯ.

ಕರೆಂಟು ಹೋಗುವ, ನೆಟ್‌ವರ್ಕ್ ಬಂದು ಹೋಗುವ ಕಡೆ ದಾಖಲೆಯನ್ನು ಮೊದಲು ಅಲ್ಲಿನ ಯಂತ್ರದಲ್ಲೇ ಬರೆದು, ಸಂಪರ್ಕ ಬಂದಾಗ ಕಳುಹಿಸಬೇಕು. ಒಂದೇ ದೋಷ ಗಂಟೆಗೆ ಸಾವಿರ ಸಲ ಆದರೆ ಸಾವಿರ ಸಂದೇಶ ಬೇಡ, ಮೊದಲನೆಯದನ್ನು ಪೂರ್ತಿ ಬರೆದು ಉಳಿದದ್ದನ್ನು ಎಣಿಸಿದರೆ ಸಾಕು. ಕುಸಿದ ಪ್ರೋಗ್ರಾಂ ತಾನಾಗಿ ಮತ್ತೆ ಏಳುವಂತೆ ಮಾಡಿದ್ದರೆ, ಎದ್ದ ಕೂಡಲೇ ಅದೇ ಕೆಟ್ಟ ದಾಖಲೆಯನ್ನು ಎತ್ತಿಕೊಂಡು ಮತ್ತೆ ಕುಸಿಯದಂತೆ ಎರಡು ಸಲ ಸೋತದ್ದನ್ನು ಬದಿಗಿಡುವ ಜಾಗವೊಂದು ಬೇಕು. ಬಳಕೆಯಲ್ಲಿರುವ ಹಳೆಯ ಸಾಫ್ಟ್‌ವೇರಿಗೆ ಹೊಸ ಅಸರ್ಷನ್ ಸೇರಿಸುವಾಗ ಮೊದಲ ಕೆಲವು ವಾರ ಅದು ಬರೀ ಬರೆದುಕೊಳ್ಳಲಿ, ನಿಲ್ಲಿಸುವುದು ಬೇಡ. ನೀವು ಅಸಾಧ್ಯ ಎಂದುಕೊಂಡದ್ದು ವರ್ಷಗಳಿಂದ ದಿನವೂ ನಡೆಯುತ್ತಿದ್ದದ್ದು ಆಗ ಗೊತ್ತಾಗುತ್ತದೆ. ಆ ಪಟ್ಟಿ ಖಾಲಿಯಾದ ಮೇಲೆ ನಿಲ್ಲಿಸುವ ಅಧಿಕಾರ ಕೊಡಿ.

ಸಾಫ್ಟ್‌ವೇರ್ ಬರೆಸಿಕೊಳ್ಳುವವರು ಹಣ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿಸಿಕೊಳ್ಳಬಹುದು, ಅದಕ್ಕೆ ಕೋಡಿಂಗ್ ಗೊತ್ತಿರಬೇಕಿಲ್ಲ. ಪ್ರಯೋಗದ ಒಂದು ಪ್ರತಿಯಲ್ಲಿ ಒಂದು ಅಂಕಿಯನ್ನು ಬೇಕೆಂದೇ ಕೆಡಿಸುವಂತೆ ಬರೆದವರಿಗೇ ಹೇಳಿ, ನಿಮ್ಮ ಕಣ್ಣೆದುರು ಓಡಿಸಲು ಕೇಳಿ. ಕೆಟ್ಟ ಚೀಟಿ ಒಂದೇ ನಿಂತಿತೇ, ಪಕ್ಕದ ಚೀಟಿ ಸರಿಯಾಗಿ ಬಂತೇ, ಪರದೆಯ ಮೇಲಿನ ಮಾತು ನಿಮ್ಮ ಗುಮಾಸ್ತರಿಗೆ ಅರ್ಥವಾಯಿತೇ, ದಾಖಲೆ ಬರೆದವರ ಫೋನಿಗೆ ತಲುಪಿತೇ ಎಂದು ನೋಡಿಕೊಳ್ಳಿ. ಆ ಫೋನು ಯಾರದ್ದು, ಅವರು ಊರಲ್ಲಿಲ್ಲದಾಗ ಸಂದೇಶ ಯಾರಿಗೆ ಹೋಗಬೇಕು ಎಂಬುದನ್ನು ಕರಾರಿನಲ್ಲೇ ಬರೆಸಿ.